ಮುತ್ತುಗದ ಮೊದಲ ತಂಬಿಗೆ

ಹುಮನಾಬಾದು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಬಕ್ಕಪ್ಪನವರು ನಮ್ಮ ಗಲ್ಲಿಗೆ ಮನೆ ಅಳಿಯರಾಗಿ ಬಂದು ಸೇರಿದರು. ಎರಡೂ ಸೇರ್ಪಡೆಗೆ ನಮ್ಮನ್ನು ಯಾರೂ ಕೇಳಲಿಲ್ಲ. ರಾಜ್ಯ ಸೇರಿದ್ದಕ್ಕೆ ಊರವರು ಪೇಢೆ ಹಂಚಿದರು. ತಾವು ಸೇರಿದ್ದಕ್ಕೆ ಬಕ್ಕಪ್ಪನವರೇ ಹಂಚಿದರು.

ಬಸವಕಲ್ಯಾಣದಿಂದ ಬರುವಾಗ ಅವರು ತಂದದ್ದು ಒಂದು ಟ್ರಂಕು, ಒಂದು ಛತ್ರಿ, ಜೊತೆಗೆ ತಮ್ಮ ಬಗ್ಗೆ ತಮಗೇ ಇದ್ದ ಬಹಳ ಒಳ್ಳೆಯ ಅಭಿಪ್ರಾಯ. ಮಾವನ ಕಿರಾಣಿ ಅಂಗಡಿ ಹಳೇ ಬಾವಿ ಗಲ್ಲಿಯ ಬಾಯಲ್ಲೇ ಇತ್ತು. ಗಾದಿಯ ಮೇಲೆ ಕೂತ ವಾರದೊಳಗೆ ಆ ಅಂಗಡಿಯನ್ನು ತಾವೇ ಕಟ್ಟಿ ನಿಲ್ಲಿಸಿದವರ ಹಾಗೆ ಮಾತಾಡತೊಡಗಿದರು. ನಮ್ಮ ಮನೆ ಬಾಗಿಲು ಅಂಗಡಿಗೆ ಎದುರು. ಅವರನ್ನು ನೋಡಬೇಕೆಂದು ನಾನು ನೋಡಿದ್ದಲ್ಲ. ಬಾಗಿಲು ತೆರೆದರೆ ಅವರೇ ಕಾಣುತ್ತಿದ್ದರು. ಅವರನ್ನು ಕಟ್ಟಿಕೊಂಡ ಯಶೋದಾಬಾಯಿ ನನ್ನ ಗೆಳತಿ. ಇಬ್ಬರೂ ಅದೇ ಬಾವಿಕಟ್ಟೆಯ ಮೇಲೆ ಕುಂಟೆಬಿಲ್ಲೆ ಆಡಿ ಬೆಳೆದವರು. ಗಂಡ ಹೇಗಿದ್ದಾನೆ ಎಂದು ಮದುವೆಯ ಮರುದಿನ ಕೇಳಿದ್ದಕ್ಕೆ ಅವಳು, "ಛಲೋ ಅದಾರ. ಜರಾ ಎತ್ತರಕ್ಕ ಕುಂತಾರ, ಇಳಿಸಬೇಕು" ಎಂದಿದ್ದಳು. ಇಳಿಸುವುದು ಅವಳಿಂದಲೂ ಆಗಲಿಲ್ಲ.

ನಮ್ಮ ಗಲ್ಲಿಯ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮನುಷ್ಯನ ಬದುಕು ಯಾರಿಗೂ ತಿಳಿಯುವುದಿಲ್ಲ. ಹುಡಗಿ ಎಂಬ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಕುರಣವಿದೆ. ದನ ಬಿಡದೆ, ಕೊಡಲಿ ಹಾಕದೆ ಹಿಂದಿನವರು ಕಾಯ್ದಿಟ್ಟ ಅಡವಿ ಅದು. ಫಾಲ್ಗುಣ ಬಂತೆಂದರೆ ಅಲ್ಲಿಯ ಹುಲ್ಲೆಲ್ಲ ಒಣಗಿ ಕೆಂಪು ನೆಲ ಕಾಣುತ್ತದೆ. ಮುತ್ತುಗದ ಮರಗಳು ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿಕೊಂಡು, ಸತ್ತೇಹೋದವೇನೋ ಅನ್ನುವಷ್ಟರಲ್ಲಿ ಕಪ್ಪು ಮೊಗ್ಗು ಬಿರಿದು ಟೊಂಗೆ ಟೊಂಗೆಗೂ ಕೇಸರಿ ಹೂ ಹತ್ತಿಕೊಳ್ಳುತ್ತದೆ. ಹೆಂಗಸರೆಲ್ಲ ಬುಟ್ಟಿ ಹಿಡಿದು ಹೋಗಿ ಆ ಹೂ ತರುತ್ತಿದ್ದೆವು. ಕೂಲಿ ಮಾಡಿ ಬದುಕುವ ಸೋನುಬಾಯಿ ಅದನ್ನು ದೊಡ್ಡ ಹಂಡೆಯಲ್ಲಿ ನೆನೆಹಾಕಿ, ಚಿಟಿಕೆ ಸುಣ್ಣ ಸೇರಿಸಿ ಕುದಿಸಿದರೆ ಗಲ್ಲಿಗೆಲ್ಲ ಹೋಳಿಯ ಬಣ್ಣ.

ಆದರೆ ಆ ಬಣ್ಣದ ಮೊದಲ ತಂಬಿಗೆ ಆಟಕ್ಕಲ್ಲ. ಆ ವರ್ಷ ಸಾವು ಕಂಡು, ಇನ್ನೂ ದುಃಖದಿಂದ ಹೊರಗೆ ಬರದವರನ್ನು ಬಾವಿಕಟ್ಟೆಗೆ ಕರೆತಂದು ಮಣೆಯ ಮೇಲೆ ಕೂರಿಸುತ್ತಾರೆ. ಗಲ್ಲಿಯವರೆಲ್ಲ ಸುಮ್ಮನೆ ಸುತ್ತ ನಿಲ್ಲುತ್ತಾರೆ. ಸೋನುಬಾಯಿ ಉಗುರುಬೆಚ್ಚಗಿನ ಬಣ್ಣವನ್ನು ಅವರ ತಲೆಯ ಮೇಲೆ ಸುರಿಯುತ್ತಾಳೆ. ಅಲ್ಲಿಗೆ ದುಃಖ ತೆಗೆದಂತೆ. ಅವರು ಮತ್ತೆ ಹೋಳಿಗೆ ಮಾಡಬಹುದು, ಹೊಸ ಬಟ್ಟೆ ಉಡಬಹುದು, ಮದುವೆಮನೆಗೆ ಹೋಗಬಹುದು. ಆ ತಂಬಿಗೆ ಬೀಳುವವರೆಗೆ ಅವರು ನಾಲ್ಕು ಜನರ ನಡುವೆ ಇದ್ದೂ ಇಲ್ಲದವರು.

ಬಕ್ಕಪ್ಪನವರು ಬಂದ ಮೇಲಿನ ಮೊದಲ ಹೋಳಿಹಬ್ಬದಲ್ಲಿ ಆ ಮಣೆಯ ಮೇಲೆ ಕೂತವನು ತುಪ್ಪದ ವ್ಯಾಪಾರಿ ಮಡೆಪ್ಪ. ತಾಯಿ ತೀರಿಕೊಂಡಿದ್ದಳು. ಮಡೆಪ್ಪನ ಮೈಯೂ ದೊಡ್ಡದು, ಕಿವಿಯ ಬಂಗಾರವೂ ದೊಡ್ಡದು. ಅಂಥವನು ನಡುವೆ ಕೂತು, ಗಲ್ಲಿಯೇ ಕೈಮುಗಿದು ನಿಂತು, ತಲೆಯ ಮೇಲೆ ಕೇಸರಿ ನೀರು ಬಿದ್ದದ್ದನ್ನು ನಮ್ಮ ಹೊಸ ಅಳಿಯಂದಿರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದರು. ನೋಡಿದವರೇ ತೀರ್ಮಾನ ಮಾಡಿಬಿಟ್ಟರು: ಈ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯನಿಗೆ ಮೊದಲ ತಂಬಿಗೆ, ಅದು ತಮಗೆ ಬರಬೇಕು.

ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳುವುದು ಅವರ ಜಾಯಮಾನದಲ್ಲಿರಲಿಲ್ಲ. ಕೇಳದಿದ್ದರೂ ಯಶೋದಾ ಹೇಳಿದಳು.

"ಅದು ಮಾನದ ತಂಬಿಗಿ ಅಲ್ರಿ. ಸತ್ತವರ ಮನಿಯವರಿಗಿ ಹಾಕ್ತಾರ."

"ವರ್ಷದಾಗ ಸಾವು ಆಗದ ಮನಿ ಯಾವುದದ ಹೇಳು?" ಎಂದರಂತೆ ಬಕ್ಕಪ್ಪನವರು. "ಸಾವು ಎಲ್ಲರಿಗೂ ಬರ್ತದ, ತಂಬಿಗಿ ಒಬ್ಬರಿಗೇ ಯಾಕ? ಸಾವಿಂದು ಬರೀ ನೆಪ. ಹೊರಗಿನಿಂದ ಬಂದ ಅಳಿಯಗ ಸಿಗಬಾರದಂತ ನಿಮ್ಮ ಗಲ್ಲಿಯವರು ಕಥಿ ಕಟ್ಯಾರ."

ಇಷ್ಟು ಗಟ್ಟಿಯಾದ ತರ್ಕದ ಮುಂದೆ ಯಾವ ಹೆಂಡತಿ ಏನು ಮಾಡುತ್ತಾಳೆ? ಯಶೋದಾ ನಕ್ಕುಬಿಟ್ಟಳು. ಅವರು ಬಸವಕಲ್ಯಾಣಕ್ಕೆ ಹೋಗಿ, ಮೊದಲ ತಂಬಿಗೆಯ ದಿನ ತಲೆಗೆ ಸುತ್ತಿಕೊಳ್ಳಲೆಂದು ಕೆಂಪು ಅಂಚಿನ ಒಂದು ಬಿಳಿ ರುಮಾಲು ಕೊಂಡು ತಂದರು. ಕೇಸರಿ ಎದ್ದು ಕಾಣಬೇಕಾದರೆ ಬಿಳಿಯೇ ಆಗಬೇಕಲ್ಲ! ಯಶೋದಾ ಅದನ್ನು ಬೇವಿನ ಎಲೆಯ ನಡುವೆ ಮಡಿಚಿ ಎಲ್ಲೋ ಎತ್ತಿಟ್ಟಳು. ಪ್ರತಿ ಹೋಳಿಯ ಬೆಳಿಗ್ಗೆ ಹೊರಗೆ ತೆಗೆದು, ಬಿಸಿಲಿಗೆ ಝಾಡಿಸಿ, ಅಂಗಡಿಯ ಕಡೆ ನೋಡಿ, "ಈ ವರ್ಷರೆ ಹತ್ತತದೇನ್ರಿ ಬಣ್ಣ?" ಎನ್ನುತ್ತಿದ್ದಳು. ಸಂಜೆ ಮತ್ತೆ ಒಳಗಿಡುತ್ತಿದ್ದಳು. ನಾನು ಎದುರು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಅವಳ ಕಣ್ಣಲ್ಲೂ ನಗುವೇ.

ಒಂದು ವರ್ಷ ಅವರು ಸಾವಿನ ದಾರಿಯಿಂದಲೂ ಪ್ರಯತ್ನ ಮಾಡಿದರು. ಬಸವಕಲ್ಯಾಣದಲ್ಲಿ ಅವರ ಅಜ್ಜನ ತಮ್ಮನೊಬ್ಬ ತೀರಿಕೊಂಡಿದ್ದ. ಹಲ್ಲು, ಕಣ್ಣು, ಕಿವಿ ಎಲ್ಲ ಮೊದಲೇ ಹೋಗಿ ಕೊನೆಗೆ ತಾನೂ ಹೋದ ಮುದುಕ. ಬಕ್ಕಪ್ಪನವರು ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ ದೇವರಿಗೇ ಗೊತ್ತು. ಆದರೂ ಹೋಳಿಯ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ಯಾರೂ ಕರೆಯದೆ ಬಂದು ಮಣೆಯ ಮೇಲೆ ಕೂತೇಬಿಟ್ಟರು. ಮುಖದ ಮೇಲೆ ದುಃಖ ತಂದುಕೊಳ್ಳಲು ನೋಡಿದ್ದರು. ಬಂದದ್ದು ಮದುಮಗನ ಕಳೆ.

ಸೋನುಬಾಯಿ ತಂಬಿಗೆ ಹಿಡಿದು ಮುಂದೆ ಬಂದಳು. "ಸಾವ್ಕಾರ್ರ, ಅತ್ತೀರೇನ್ರಿ?"

"ಮುಪ್ಪಿನ ಮುದುಕ ಸೋನವ್ವ. ಅಳೋದೇನದ ಅದರಾಗ?"

"ಹಂಗಾರ ಏಳ್ರಿ," ಎಂದಳು ಸೋನುಬಾಯಿ. "ಅತ್ತವರು ಹಿಂದ ನಿಂತಾರ, ಜಾಗಾ ಬಿಡ್ರಿ."

ಗಲ್ಲಿ ನಗಲಿಲ್ಲ, ದುಃಖದ ಮನೆಯವರು ಎದುರಿಗಿದ್ದರು. ನಗುವನ್ನೆಲ್ಲ ಉಳಿಸಿಕೊಂಡು ಹೋಗಿ ಮನೆಮನೆಯಲ್ಲಿ ನಕ್ಕೆವು. ಆ ದಿನದಿಂದ ಬಕ್ಕಪ್ಪನವರಿಗೆ ಇನ್ನೊಂದು ವಿಷಯ ಖಾತ್ರಿಯಾಯಿತು. ತಂಬಿಗೆ ಸೋನುಬಾಯಿಯ ಕೈಯಲ್ಲಿರುವವರೆಗೂ ತಮಗೆ ದಕ್ಕುವುದಿಲ್ಲ. ಆದರೆ ಹೂವಿಲ್ಲದೆ ತಂಬಿಗೆ ಎಲ್ಲಿಂದ ಬಂದೀತು?

ಅವರ ಅದೃಷ್ಟಕ್ಕೆ, ನಮ್ಮ ದುರದೃಷ್ಟಕ್ಕೆ, ಅರವತ್ತರ ದಶಕದ ನಡುವೆ ಅರಣ್ಯ ಇಲಾಖೆಯ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಕುರಣ ನೋಡಿ, ಇಂಥ ಹೂವಿನ ಅಡವಿಯನ್ನು ಊರವರೇ ಸಮಿತಿ ಮಾಡಿಕೊಂಡು ಕಾಯಬೇಕು ಎಂದರು. ಸಾಹೇಬರಿಗೆ ಚಹಾ, ಸೂಸಲಾ, ಬಾಳೆಹಣ್ಣು ಯಾರ ಅಂಗಡಿಯಿಂದ ಹೋಯಿತೋ ಅವರೇ ಅಧ್ಯಕ್ಷರಾದರು. ಮಾರನೆಯ ದಿನವೇ ಕುರಣದ ಬಾಯಿಗೆ ತಗಡಿನ ಬೋರ್ಡು ಬಂತು: 'ಅಪ್ಪಣೆಯಿಲ್ಲದೆ ಹೂ ಕೀಳಬಾರದು. ಬಕ್ಕಪ್ಪ, ಅಧ್ಯಕ್ಷರು.' ಹೂವಿನ ಅಕ್ಷರ ಚಿಕ್ಕದು, ಅಧ್ಯಕ್ಷರದು ದೊಡ್ಡದು. ಕಾಯಲು ನಬೀಸಾಬ್ ಎಂಬ ಮನುಷ್ಯನನ್ನು ಇಟ್ಟರು. ಖಾಕಿ ಕೋಟು ಕೊಟ್ಟರು. ಬಹಳ ಪ್ರಾಮಾಣಿಕ ಮನುಷ್ಯ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಆ ಗುಣ ಎಷ್ಟು ಅಪಾಯದ್ದು ಎಂದು ಬಕ್ಕಪ್ಪನವರಿಗೆ ಆಗ ಹೊಳೆಯಲಿಲ್ಲ.

ಅಧ್ಯಕ್ಷರು ಸಭೆಗಳಲ್ಲಿ ಕುರಣದ ಮೇಲೆ ಮಾತಾಡಲು ಶುರುಮಾಡಿದರು. "ಮುತ್ತುಗದ ಹೂವಿನ ಪರಿಮಳ ಗಾಳಿಯಲ್ಲಿ ತೇಲಿ ಬರುವಾಗ ಯಾರ ಮನಸ್ಸು ತಾನೇ ಅರಳುವುದಿಲ್ಲ?" ಎಂದು ಶಾಲೆಯ ಸಮಾರಂಭದಲ್ಲಿ ಗ್ರಂಥಭಾಷೆಯಲ್ಲಿ ಕೇಳಿದರು. ಮುತ್ತುಗದ ಹೂವಿಗೆ ಪರಿಮಳವೇ ಇಲ್ಲ. ನಮ್ಮೂರಿನ ಎಳೆಯ ಕೂಸಿಗೂ ಅದು ಗೊತ್ತು. ಅಧ್ಯಕ್ಷರು ಹೂ ಬಿಟ್ಟ ಕಾಲಕ್ಕೆ ಒಮ್ಮೆಯೂ ಕುರಣದೊಳಗೆ ಕಾಲಿಟ್ಟವರಲ್ಲ. ಧೋತರಕ್ಕೆ ಕೆಮ್ಮಣ್ಣು ಹತ್ತುತ್ತದೆ ಎಂಬ ಹೆದರಿಕೆ.

ಅಲ್ಲಿಂದ ಮುಂದೆ ವರ್ಷಾ ವರ್ಷಾ ನಾವು ಅಂಗಡಿಯ ಮುಂದೆ ನಿಂತು ಹೂವಿಗೆ ಅಪ್ಪಣೆ ಕೇಳಬೇಕಾಯಿತು. ಅವರು ಬೇರೆ ಗಿರಾಕಿಗಳಿಗೆಲ್ಲ ಬೆಲ್ಲ ತೂಗಿ ಮುಗಿಸಿ, ಕೊನೆಗೆ ನಮ್ಮ ಕಡೆ ತಿರುಗಿ, "ಈ ವರ್ಷ ಮಣಿ ಮ್ಯಾಲ ಯಾರು ಕುಂದ್ರವರು ಸೋನವ್ವ?" ಎಂದು ಕೇಳುವರು. ಅವಳು ದುಃಖದವರ ಹೆಸರು ಹೇಳುವಳು. ಅವರ ಮುಖ ಹುಣಸೆಹಣ್ಣು ತಿಂದಂತಾಗುವುದು. ಆದರೂ ಸಾಹೇಬರು ಮತ್ತೆ ಬಂದರೆ ಏನಂದಾರು ಎಂದು ಅಪ್ಪಣೆ ಕೊಡುವರು. ಆಮೇಲೆ ಹೋಳಿಯ ದಿನ ಬಾವಿಕಟ್ಟೆಯ ಹತ್ತಿರ ಹತ್ತಿರವೇ ಸುಳಿದಾಡುವರು.

ಎಪ್ಪತ್ತೈದು, ಎಪ್ಪತ್ತಾರರಲ್ಲಿ ಕುರ್ಚಿ ಸಿಕ್ಕವರೆಲ್ಲರ ಕೈಗೂ ಒಂದೊಂದು ಕೋಲು ಬಂದ ಕಾಲ ನಿಮಗೆ ನೆನಪಿರಬೇಕು. ನಮ್ಮ ಅಧ್ಯಕ್ಷರ ಕೈಗೂ ಬಂತು. ಆ ಫಾಲ್ಗುಣದಲ್ಲಿ ಅವರು ಸೋನುಬಾಯಿಗೆ ಸುತ್ತುಬಳಸದೆ ಹೇಳಿದರು.

"ಈ ಸಲ ಮೊದಲ ತಂಬಿಗಿ ನನಗ. ಇಲ್ಲಂದ್ರ ಹೂವಿಲ್ಲ."

"ನಿಮ್ಮ ಮನ್ಯಾಗ ಎಲ್ಲರೂ ಸುಖದಿಂದ ಅದಾರಲ್ರಿ ಸಾವ್ಕಾರ್ರ," ಎಂದಳು ಸೋನುಬಾಯಿ. "ಸುಖದ ಮನಿಗಿ ನಾ ಆ ತಂಬಿಗಿ ತರಂಗಿಲ್ರಿ. ಯಶೋದಕ್ಕ ನಮ್ಮ ಗಲ್ಲಿ ಮಗಳು."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಅವರಿಗೆ ಕೇಳಿಸಿದ್ದು 'ಇಲ್ಲ' ಎಂಬುದೊಂದೇ. ಕುರಣದ ಸುತ್ತ ಮುಳ್ಳುಬೇಲಿ ಎದ್ದಿತು. ಬೋರ್ಡಿನ ಮೇಲಿನ 'ಅಪ್ಪಣೆಯಿಲ್ಲದೆ' ಅಳಿಸಿಹೋಯಿತು. ನಾವು ಬೇಲಿಯಂಚಿಗೆ ಹೋಗಿ ಉದುರಿದ ಹೂ ಆಯ್ದುಕೊಂಡೆವು. 'ಬಿದ್ದ ಹೂವನ್ನೂ ಎತ್ತಬಾರದು' ಎಂದು ಬೋರ್ಡಿಗೆ ಇನ್ನೊಂದು ಸಾಲು ಬಂತು. ಮರದ ಮೇಲೆ ಗಿಳಿ, ಗೊರವಂಕಗಳು ಹೂವನ್ನು ಕುಕ್ಕಿ ಕುಕ್ಕಿ ಕೆಡವುತ್ತಲೇ ಇದ್ದವು. ಅವು ಓದು ಬರದವು, ಬದುಕಿಕೊಂಡವು.

ಆ ವರ್ಷ ನಮ್ಮ ಗಲ್ಲಿಯ ಶಕುಂತಲಾಬಾಯಿಯ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮೊದಲ ತಂಬಿಗೆ ಆಕೆಯದು. ಬಕ್ಕಪ್ಪನವರು ಉದಾರ ಮನಸ್ಸಿನಿಂದ ಅಂಗಡಿಯ ಬಣ್ಣದ ಪುಡಿಯ ಡಬ್ಬಿಯೊಂದನ್ನು ಪುಕ್ಕಟೆ ಕಳಿಸಿಕೊಟ್ಟರು. ಸೋನುಬಾಯಿ ಅದನ್ನು ಗಾದಿಯ ಮೇಲೆ ವಾಪಸಿಟ್ಟಳು. "ಅಂಗಡ್ಯಾಗಿನ ಸಾಮಾನಿನಿಂದ ದುಃಖ ಹೋಗಂಗಿದ್ರ ಅಂಗಡಿಯವರು ಯಾಕ ಅಳತಿದ್ರು?" ಎಂದು ಹೇಳಿ ಹೋದವಳು ಹಂಡೆಯನ್ನು ಬೋರಲು ಹಾಕಿಬಿಟ್ಟಳು. ಶಕುಂತಲಾಬಾಯಿ ಒಳಗೇ ಉಳಿದಳು. ಆ ವರ್ಷ, ಮರುವರ್ಷ, ಅದರ ಮುಂದೆಯೂ. ನೀರಿಗೂ ಬಾವಿಗೆ ಬರುತ್ತಿರಲಿಲ್ಲ, ಸೊಸೆ ಬರುತ್ತಿದ್ದಳು. ಸಾವು ಕಂಡ ಇನ್ನೆರಡು ಮನೆಗಳೂ ಹಾಗೆಯೇ ಉಳಿದವು. ಬಕ್ಕಪ್ಪನವರ ಬಗ್ಗೆ ಇಷ್ಟುದ್ದ ನಗುತ್ತ ಹೇಳಿದೆ. ಇದೊಂದಕ್ಕೆ ನನಗೆ ಇವತ್ತಿಗೂ ನಗು ಬರುವುದಿಲ್ಲ. ಒಬ್ಬ ತಾಯಿಯ ಅಳುವಿಗೆ ಬೇಲಿ ಹಾಕಿದ ಮನುಷ್ಯ ಅವರು. ಬೇಲಿಯೊಳಗೆ ಹೂ ಬಿಟ್ಟು, ಯಾರಿಗೂ ಆಗದೆ ಮಣ್ಣಾಗುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಸಂರಕ್ಷಣೆ.

ಯಶೋದಾ ಗಂಡನ ಜೊತೆ ಜಗಳವಾಡಿದಳು, ಮಾತು ಬಿಟ್ಟಳು, ಮತ್ತೆ ಆಡಿದಳು. ಆದರೂ ಹೋಳಿಯ ಬೆಳಿಗ್ಗೆ ರುಮಾಲು ಝಾಡಿಸುವುದನ್ನು ಬಿಡಲಿಲ್ಲ. ಈಗ ಅದರಲ್ಲಿ ಮುಂಚಿನ ನಗುವಿರಲಿಲ್ಲ.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಅವಳು ಜ್ವರವೆಂದು ಮಲಗಿದಳು. ನಾನು ಗಂಜಿ ಕಾಯಿಸಿಕೊಂಡು ಹೋದಾಗ, "ಇವರಿಗಿ ಉಪ್ಪಿನಕಾಯಿ ಎಲ್ಲದ ಅಂತ ಸೈತ ಗೊತ್ತಿಲ್ಲ ನೋಡವ್ವ" ಎಂದಳು. ನಾಗರ ಪಂಚಮಿ ದಾಟಲಿಲ್ಲ. ನನ್ನ ಗೆಳತಿ ಹೋದಳು. ಬಾಗಿಲು ತೆರೆದರೆ ಈಗಲೂ ಎದುರಿಗೆ ಆ ಮನೆ ಕಾಣುತ್ತದೆ. ಅದನ್ನು ಏನೆಂದು ಹೇಳಲಿ?

ಬಕ್ಕಪ್ಪನವರು ಅಂಗಡಿ ತೆರೆಯುತ್ತಿದ್ದರು. ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಡುತ್ತಿದ್ದರು. ಸೆಟೆದ ಬೆನ್ನು ಅದಾಗಿಯೇ ಬಾಗಿತ್ತು. ಹಳ್ಳಿಖೇಡಕ್ಕೆ ಕೊಟ್ಟ ಮಗಳು ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಕರೆಯಲು ಬಂದಳು. ದುಃಖ ತೆಗೆಯದೆ ಹೇಗೆ ಹೋಗುವುದು ಎಂದು ಅವರೇ ಅವಳಿಗೆ ಹೇಳಿ ಕಳಿಸಿದರು. ಮೊದಲ ತಂಬಿಗೆ ಯಾವುದಕ್ಕೆ ಎಂದು ಆ ಮನುಷ್ಯನ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಫಾಲ್ಗುಣ ಬಂತು. ಹುಡಗಿಯಿಂದ ಬಂದವರು ಕುರಣದ ತುಂಬ ಹೂವೋ ಹೂವು ಎಂದರು. ಬಕ್ಕಪ್ಪನವರು ಗಾದಿಯ ಮೇಲೆ ಕೂತು ಗಲ್ಲಿಯ ಕಡೆ ನೋಡುತ್ತಿದ್ದರು, ಯಾವಳಾದರೂ ಬುಟ್ಟಿ ಹಿಡಿದು ಅಪ್ಪಣೆ ಕೇಳಲು ಬರುತ್ತಾಳೇನೋ ಎಂದು. ಯಾರು ಬರುತ್ತಾರೆ? ಕೇಳುವುದನ್ನು ನಾವು ಬಿಟ್ಟು ನಾಲ್ಕು ವರ್ಷವಾಗಿತ್ತು. ಕೊನೆಗೆ ಹುಣ್ಣಿಮೆಯ ಹಿಂದಿನ ದಿನ ಅಂಗಡಿ ಮುಚ್ಚಿ, ಛತ್ರಿ ಹಿಡಿದು, ಒಬ್ಬರೇ ಕುರಣಕ್ಕೆ ನಡೆದರು.

ಅಲ್ಲಿ ನಡೆದದ್ದನ್ನು ನಬೀಸಾಬ್ ಆಮೇಲೆ ಗಲ್ಲಿಯಲ್ಲಿ ಎಷ್ಟು ಸಲ ಹೇಳಿದ್ದಾನೋ! ಬೇಲಿಯ ಬಾಯಲ್ಲಿ ಅವನು ಕೋಲು ಅಡ್ಡ ಹಿಡಿದ.

"ಒಳಗ ಬಿಡಂಗಿಲ್ರಿ ಸಾವ್ಕಾರ್ರ. ಹೂವಿಗಿ ಕೈ ಹಚ್ಚಬಾರ್ದಂತ ಅಧ್ಯಕ್ಷರ ಹುಕುಂ ಅದ."

"ನಾನೇ ಅಲ್ಲೇನೋ ಅಧ್ಯಕ್ಷ?"

"ಹೌದ್ರಿ. ಅದಕ್ಕೇ ಹುಕುಂ ಪಕ್ಕಾ ಅದ."

ಬಕ್ಕಪ್ಪನವರು ಛತ್ರಿ ಕೆಳಗಿಟ್ಟು ಎರಡೂ ಕೈಯಿಂದ ಬೋರ್ಡು ಹಿಡಿದು ಎಳೆದರು. ಹಳೆಯ ತಗಡು, ಕಿತ್ತು ಬಂತು. "ಈಗ ಹುಕುಂ ಎಲ್ಲದ?" ಎಂದು ಕೇಳಿದರು. ನಬೀಸಾಬ್ ಬೋರ್ಡಿದ್ದ ಜಾಗ ನೋಡಿದ, ಅವರ ಮುಖ ನೋಡಿದ, ಕೋಲು ತೆಗೆದ.

ಹದಿನೈದು ವರ್ಷ ಭಾಷಣ ಮಾಡಿದ ಅಡವಿಯನ್ನು ಅವರು ಕಣ್ಣಾರೆ ಕಂಡದ್ದು ಅಂದೇ. ಮರಗಳ ಕೆಳಗೆ ನೆಲವೇ ಕಾಣದಂತೆ ಹೂ ಹಾಸಿತ್ತು. ಒಂದು ಹೂ ಎತ್ತಿ ಮೂಗಿಗೆ ಹಿಡಿದು, "ಇದಕ್ಕ ವಾಸನಿನೇ ಇಲ್ಲಲ್ಲೋ" ಎಂದರಂತೆ. "ಇಲ್ರಿ" ಎಂದನಂತೆ ನಬೀಸಾಬ್. ಬುಟ್ಟಿ ತರಬೇಕೆಂದೂ ಅವರಿಗೆ ಹೊಳೆದಿರಲಿಲ್ಲ. ಆ ತಗಡಿನ ಮೇಲೆಯೇ ಹೂ ಹೇರಿ, ಇಬ್ಬರೂ ಎರಡು ಕಡೆ ಹಿಡಿದುಕೊಂಡು ಬಂದರು. ಅಧ್ಯಕ್ಷರ ಹೆಸರು ಹೂವಿನ ಕೆಳಗೆ ಮುಚ್ಚಿಹೋಗಿತ್ತು.

ಸೋನುಬಾಯಿ ತನ್ನ ಬಾಗಿಲಲ್ಲಿ ನಿಂತು ಹೂ ನೋಡಿದಳು. "ಇದರಾಗ ಒಂದು ತಂಬಿಗಿ ಆಗ್ತದ್ರಿ."

"ಒಂದೇ ಸಾಕವ್ವ."

"ನಿಮಗ ಸಾಕು. ಶಕುಂತಲಕ್ಕಗ? ಆ ಎರಡು ಮನಿಯವರಿಗಿ?"

ಸೋನುಬಾಯಿ ನಮ್ಮನ್ನೆಲ್ಲ ಕೂಗಿದಳು. ನಾಲ್ಕು ವರ್ಷ ಅಟ್ಟದ ಮೇಲಿದ್ದ ಬುಟ್ಟಿಗಳ ಧೂಳು ಝಾಡಿಸಿಕೊಂಡು ನಾವು ಹೊರಟೆವು. ಬೋರಲು ಹಾಕಿದ್ದ ಹಂಡೆ ನೆಟ್ಟಗಾಯಿತು.

ಬಣ್ಣದ ದಿನ ಮಣೆ ಹಾಕಿದರು. ಮೊದಲ ತಂಬಿಗೆ ಶಕುಂತಲಾಬಾಯಿಗೆ. ಸೊಸೆಯ ಭುಜ ಹಿಡಿದು ಬಂದ ಆಕೆ ಬಣ್ಣ ಬೀಳುತ್ತಲೇ ಮಗಳ ಹೆಸರು ಕೂಗಿ ಅತ್ತಳು, ನಾವೂ ಅತ್ತೆವು. ಆಮೇಲೆ ಆ ಎರಡು ಮನೆಯವರು ಕೂತರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲ ತಂಬಿಗೆಗೆ ಕಾದವರು ಎಲ್ಲರಿಗೂ ದಾರಿ ಬಿಟ್ಟು ಕಟ್ಟೆಯ ಮೂಲೆಯಲ್ಲಿ ನಿಂತಿದ್ದರು. ಸೋನುಬಾಯಿ ಕೊನೆಗೆ ಅವರನ್ನು ಕರೆದಳು.

ಬಂದು ಕೂತರು. ಬರಿದಲೆ. ಆ ರುಮಾಲಿನ ಕಥೆ ಗೊತ್ತಿಲ್ಲದವರು ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಮುಪ್ಪಾಗಿದ್ದ ಮಡೆಪ್ಪ ಪಕ್ಕದಲ್ಲೇ ನಿಂತಿದ್ದ, ಮೆಲ್ಲಗೆ ಕೇಳಿದ.

"ರುಮಾಲ ಎಲ್ಲದ್ರಿ ಬಕ್ಕಪ್ಪನೋರ?"

"ಮನಿ ತುಂಬ ಹುಡುಕಿದೆ ಮಡೆಪ್ಪ," ಎಂದರು ಬಕ್ಕಪ್ಪನವರು. "ಸಿಗವಲ್ದು. ಎಲ್ಲಿಟ್ಟಾಳ ಅಂತ ಆಕಿಗೇ ಗೊತ್ತು."

ಅಷ್ಟು ಹೇಳಿದವರು ಎಲ್ಲರೆದುರಿಗೆ ಬಾಯಿಬಿಟ್ಟು ಅಳತೊಡಗಿದರು. ಸೋನುಬಾಯಿ ಈ ಸಲ ಏನೂ ಕೇಳಲಿಲ್ಲ. ಹಂಡೆಯ ತಳದಲ್ಲಿ ಉಳಿದಿದ್ದ ಅರ್ಧ ತಂಬಿಗೆ ಬಣ್ಣವನ್ನು ಬಳಿದು ತಂದು ಅವರ ತಲೆಯ ಮೇಲೆ ಸುರಿದಳು.